ಹಳೇ ಆಟಿಕೆ ಎಂಜಿನ್ ಕೆಟ್ಟಿಲ್ಲ, ಅದಕ್ಕೆ ಕರೆಂಟ್ ಸಿಗ್ತಿಲ್ಲ!

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

ಇವತ್ತಿನ ಕಂತು ರೈಲಿನದು. ಹಳಿ ಮೇಲೆ ಓಡೋ ದೊಡ್ಡ ರೈಲಿನದೂ ಹೌದು, ಮೇಜಿನ ಮೇಲೆ ಓಡೋ ಪುಟ್ಟ ಮಾಡೆಲ್ ರೈಲಿನದೂ ಹೌದು. ಯಾಕಂದ್ರೆ ಎರಡರ ತಲೆನೋವೂ ಒಂದೇ.

ಹಾವೇರಿ ಹತ್ತಿರದ ಕರ್ಜಗಿ ಸ್ಟೇಷನ್ ನೋಡಿ. ಹುಬ್ಬಳ್ಳಿ–ಬೆಂಗಳೂರು ಲೈನ್. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಇಲ್ಲಿ ಹಾಕಿದ್ದು ಮೀಟರ್ ಗೇಜ್ ಹಳಿ, ಓಡಿದ್ದು ಉಗಿಬಂಡಿ. ಆಮೇಲೆ ಡೀಸೆಲ್ ಬಂತು, 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯ್ತು. ಈಗ ಹಳಿ ಮೇಲೆ 25,000 ವೋಲ್ಟ್ ತಂತಿ. 2023ರ ಜೂನ್ 27ಕ್ಕೆ ಶುರುವಾದ ಧಾರವಾಡ–ಬೆಂಗಳೂರು ವಂದೇ ಭಾರತ್ ಓಡೋದು ಇದೇ ದಾರಿಯಲ್ಲಿ.

ಉಗಿ ಎಂಜಿನ್ ತನ್ನ ಕಲ್ಲಿದ್ದಲನ್ನ ತಾನೇ ಹೊರುತ್ತೆ, ಡೀಸೆಲ್ ಎಂಜಿನ್ ತನ್ನ ಎಣ್ಣೆಯನ್ನ. ಎಲೆಕ್ಟ್ರಿಕ್ ಎಂಜಿನ್ ಹಾಗಲ್ಲ. ಓಡ್ತಾ ಓಡ್ತಾನೇ ಹೊರಗಿನಿಂದ ಕರೆಂಟ್ ತಗೋಬೇಕು. ಹೇಗೆ ತಗೊಳ್ಳೋದು? ಇತಿಹಾಸ ಶುರುವಾಗೋದು ಈ ಪ್ರಶ್ನೆಯಿಂದ.

1879ರಲ್ಲಿ ಬರ್ಲಿನ್ ವಸ್ತುಪ್ರದರ್ಶನದಲ್ಲಿ ವರ್ನರ್ ಫಾನ್ ಸೀಮೆನ್ಸ್ ಪುಟ್ಟ ಎಲೆಕ್ಟ್ರಿಕ್ ರೈಲು ಓಡಿಸಿದರು. ಎರಡು ಹಳಿಗಳ ನಡುವೆ ಮೂರನೇ ಹಳಿ ಇಟ್ಟು, ಅದರಿಂದ ಕರೆಂಟ್. 1881ರಲ್ಲಿ ಬರ್ಲಿನ್ ಪಕ್ಕದ ಲಿಖ್ಟರ್‌ಫೆಲ್ಡೆಯಲ್ಲಿ ಟ್ರಾಮ್ ಶುರುವಾಯ್ತು. ಅಲ್ಲಿ ಮೂರನೇ ಹಳಿಯೂ ಇಲ್ಲ. ಓಡೋ ಎರಡು ಹಳಿಗಳಲ್ಲೇ 180 ವೋಲ್ಟ್! ರಸ್ತೆ ದಾಟೋ ಕುದುರೆಗಳಿಗೆ ಶಾಕ್ ಹೊಡೀತಿತ್ತು. ಹಾಗಾಗಿ ಕರೆಂಟನ್ನ ಮೇಲಿನ ತಂತಿಗೆ ಏರಿಸಿದರು. ಭಾರತದ ಮೊದಲ ಎಲೆಕ್ಟ್ರಿಕ್ ರೈಲು 1925ರ ಫೆಬ್ರವರಿ 3ರಂದು ಬಾಂಬೆಯಲ್ಲಿ ಓಡಿದ್ದೂ ತಂತಿಯಿಂದಲೇ. ಮೂರನೇ ಹಳಿ ಪೂರ್ತಿ ಹೋಗಿಲ್ಲ. ನಮ್ಮ ಮೆಟ್ರೋದಲ್ಲಿ ಹಳಿ ಪಕ್ಕ ಇರೋದು ಅದೇ, 750 ವೋಲ್ಟ್.

ಆಟಿಕೆಯವರು ಮಾತ್ರ ಹಳಿ ಬಿಡಲಿಲ್ಲ. ಅಮೆರಿಕದ ಲಯೋನೆಲ್ ಕಂಪನಿ 1906ರಲ್ಲಿ ಮೂರು ಹಳಿ ತಂತು. ಆಮೇಲೆ ಬಹಳಷ್ಟು ಕಂಪನಿಗಳು ಎರಡೇ ಹಳಿ, 12 ವೋಲ್ಟ್ ಡಿಸಿಗೆ ಬಂದವು. ಅಂದ್ರೆ, ದೊಡ್ಡ ರೈಲು ಕೈಬಿಟ್ಟ 1881ರ ಉಪಾಯ ಇವತ್ತಿಗೂ ಮೇಜಿನ ಮೇಲೆ ಬದುಕಿದೆ.

ಈಗ ಅಟ್ಟದ ಮೇಲೆ ಸಿಕ್ಕ ಹಳೇ ಮಾಡೆಲ್ ಎಂಜಿನ್‌ಗೆ ಬರೋಣ. ಹಳಿ ಮೇಲೆ ಇಟ್ಟರೆ ಎರಡು ಇಂಚು ಹೋಗುತ್ತೆ, ನಿಲ್ಲುತ್ತೆ. ಬೆರಳಲ್ಲಿ ತಳ್ಳಿದ್ರೆ ಮತ್ತೆ ಹೋಗುತ್ತೆ. ಮೋಟಾರು ಸುಟ್ಟಿದೆ ಅಂತ ಗುಜರಿಗೆ ಹಾಕಬೇಡಿ. ತಳ್ಳಿದಾಗ ಹೋಗ್ತಿದೆ ಅಂದ್ರೆ ಮೋಟಾರಿಗೆ ಜೀವ ಇದೆ, ಕರೆಂಟ್ ಸರಿಯಾಗಿ ತಲುಪ್ತಿಲ್ಲ.

ಕಾರಣ ಏನು? ಎಷ್ಟೋ ಹಳೇ ಎಂಜಿನ್‌ಗಳು ಒಂದೊಂದು ಹಳಿಯಿಂದ ಎರಡೇ ಗಾಲಿಗಳಲ್ಲಿ ಕರೆಂಟ್ ತಗೊಳ್ತವೆ. ಹಿಡಿತಕ್ಕೆ ಅಂತ ಕೆಲವು ಗಾಲಿಗೆ ರಬ್ಬರ್ ಬಳೆ ಬೇರೆ ಹಾಕಿರ್ತಾರೆ. ರಬ್ಬರಿನಲ್ಲಿ ಕರೆಂಟ್ ಎಲ್ಲಿ ಹರೀಬೇಕು? ಜೊತೆಗೆ ಸಣ್ಣ ಸಣ್ಣ ಕಿಡಿಗಳಿಂದ ಗಾಲಿ ಮೇಲೆ ಕಪ್ಪು ಕೂರುತ್ತೆ. ಹಳಿ ಬದಲಿಸೋ ಪಾಯಿಂಟ್ ಮಧ್ಯೆ ಪ್ಲಾಸ್ಟಿಕ್ ತುಂಡು ಇದ್ದರಂತೂ ಕಥೆ ಮುಗೀತು.

ಪರಿಹಾರಕ್ಕೆ ಮೂರು ಪಾಠ. ಮೂರನ್ನೂ ಕರ್ಜಗಿ ಲೈನಿನ ಎಂಜಿನ್‌ಗಳಲ್ಲೇ ನೋಡಬಹುದು.

ಒಂದು, ತಾಗೋ ಜಾಗ ಚೊಕ್ಕಟ ಇರಲಿ. ದೊಡ್ಡ ಎಂಜಿನ್ನಿನ ಪ್ಯಾಂಟೋಗ್ರಾಫ್ ಮೇಲೆ ಕಾರ್ಬನ್ ಪಟ್ಟಿ ಇರುತ್ತೆ. ತಂತಿ ನೆಟ್ಟಗೆ ಇರಲ್ಲ, ಸ್ವಲ್ಪ ಅಂಕುಡೊಂಕಾಗಿ ಎಳೆದಿರ್ತಾರೆ. ಇಲ್ಲದಿದ್ದರೆ ಪಟ್ಟಿ ಒಂದೇ ಕಡೆ ಸವೆದುಬಿಡುತ್ತೆ. ಮಾಡೆಲ್ ಗಾಲಿ, ಹಳಿಗಳನ್ನ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಪಾಲಿಶ್ ಪೇಪರ್ ಬೇಡ, ಆ ಗೀರುಗಳಲ್ಲೇ ಮತ್ತೆ ಕೊಳೆ ಕೂರುತ್ತೆ.

ಎರಡು, ಹೆಚ್ಚು ಕಡೆ ತಾಗಲಿ, ಆದ್ರೆ ಮೆಲ್ಲಗೆ. ಪ್ಯಾಂಟೋಗ್ರಾಫ್ ತಂತಿಯನ್ನ ಒತ್ತೋದು ಸುಮಾರು 7 ಕೆಜಿ ಬಲದಲ್ಲಿ ಅಷ್ಟೇ. ಕಮ್ಮಿಯಾದ್ರೆ ಕಿಡಿ, ಜಾಸ್ತಿಯಾದ್ರೆ ಸವೆತ. ಮಾಡೆಲ್‌ನಲ್ಲಿ ತೆಳು ಫಾಸ್ಫರ್ ಬ್ರಾಂಜ್ ಪಟ್ಟಿ ಬೆಸುಗೆ ಹಾಕಿ, ಉಳಿದ ಗಾಲಿಗಳ ಹಿಂಬದಿಗೆ ಸ್ವಲ್ಪವೇ ತಾಗೋ ಹಾಗೆ ಬಗ್ಗಿಸಿ. ಎಂಜಿನ್ ಹಿಂದೆ ಟೆಂಡರ್ ಇದ್ದರೆ ಅದರ ಗಾಲಿಗಳೂ ಕೆಲಸಕ್ಕೆ ಬರಲಿ. ಪ್ಲಾಸ್ಟಿಕ್ ಗಾಲಿ ಇದ್ದರೆ ಲೋಹದ್ದು ಹಾಕಿ. ಒಂದು ಗಾಲಿ ತಪ್ಪಿದ್ರೂ ಇನ್ನೊಂದು ಹಿಡಿಯುತ್ತೆ.

ಮೂರು, ಕರೆಂಟ್ ಇಲ್ಲದ ಜಾಗ ದಾಟೋಕೆ ಏನಾದ್ರೂ ಕೂಡಿಟ್ಟುಕೊಳ್ಳಿ. ದೊಡ್ಡ ರೈಲಿಗೂ ಅಂಥ ಜಾಗ ಇದೆ, ನ್ಯೂಟ್ರಲ್ ಸೆಕ್ಷನ್ ಅಂತಾರೆ. ಎರಡು ಕಡೆಯ ವಿದ್ಯುತ್ ಪೂರೈಕೆ ಬೆರೆಯಬಾರದು ಅಂತ ನಡುವೆ ತಂತಿಯಲ್ಲಿ ಕರೆಂಟೇ ಇರಲ್ಲ. ಲೋಕೋ ಪೈಲಟ್ ಬ್ರೇಕರ್ ತೆಗೆದು, ಬಂದ ವೇಗದಲ್ಲೇ ದಾಟಿಸ್ತಾರೆ. ಮಾಡೆಲ್‌ನಲ್ಲಿ ಆ ಕೆಲಸ ಫ್ಲೈವೀಲ್ ಮಾಡುತ್ತೆ. ಡಿಜಿಟಲ್ ಕಂಟ್ರೋಲ್ ಇದ್ದರೆ ಪುಟ್ಟ ಕೆಪಾಸಿಟರ್ ಸಾಕು.

ಸೀಮೆನ್ಸ್ ಕಾಲದಿಂದ ವಂದೇ ಭಾರತ್‌ವರೆಗೆ ಮೋಟಾರು ಎಷ್ಟೋ ಬದಲಾಯ್ತು. ಓಡೋ ಲೋಹ ನಿಂತ ಲೋಹವನ್ನ ಬಿಡದೆ ಮುಟ್ಟಬೇಕು ಅನ್ನೋದು ಮಾತ್ರ ಬದಲಾಗಿಲ್ಲ. ನಿಮ್ಮ ಅಟ್ಟದ ಎಂಜಿನ್ ಕೇಳ್ತಿರೋದೂ ಅಷ್ಟೇ.

ಕೊನೆಗೊಂದು ಮಾತು. ಪ್ರಯೋಗ ಏನಿದ್ರೂ 12 ವೋಲ್ಟ್ ಹಳಿ ಮೇಲೆ ಇರಲಿ. ಸ್ಟೇಷನ್ನಿನಲ್ಲಿ ಸೆಲ್ಫಿಗೆ ಅಂತ ಬೋಗಿ ಹತ್ತೋದು ಬೇಡವೇ ಬೇಡ. 25,000 ವೋಲ್ಟ್ ತಂತಿ ಮುಟ್ಟೋದೇ ಬೇಡ, ಹತ್ತಿರ ಹೋದ್ರೂ ಜೀವ ತೆಗೆಯುತ್ತೆ.

ಮುಂದಿನ ಕಂತಿನಲ್ಲಿ ಸಿಗೋಣ.