ಬಣ್ಣದ ಹಿಂದಿನ ಹೆಸರು – ಭಾಗ 4: ಚಂದಮಾಮದ ಆಚಾರ್ಯರು

ಭೀಮ ಅಂದ ತಕ್ಷಣ ಕಣ್ಮುಂದೆ ಒಂದು ಆಕಾರ ಬರುತ್ತಲ್ವಾ? ಅಗಲವಾದ ಎದೆ, ಹೆಗಲ ಮೇಲೆ ಗದೆ. ಯಾರೋ ಕೂತು, ಪೆನ್ಸಿಲ್ ಹಿಡಿದು, ಬಣ್ಣ ಹಚ್ಚಿ ತೋರಿಸಿದ್ದಕ್ಕೇ ಅದು ನಮ್ಮ ತಲೇಲಿ ಕೂತಿರೋದು. ನಮ್ಮ ಅಜ್ಜ-ಅಜ್ಜಿ ಕಾಲದ ಮಕ್ಕಳಿಗೆ ಹಾಗೆ ತೋರಿಸಿದವರಲ್ಲಿ ಒಬ್ಬರು ಎಂ.ಟಿ.ವಿ. ಆಚಾರ್ಯ.

ಹುಟ್ಟಿದ್ದು 1920ರಲ್ಲಿ, ನಾಗಮಂಗಲದಲ್ಲಿ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕಲಾವಿದರಾಗಿದ್ದು, ಆಮೇಲೆ ಮದ್ರಾಸಿನ ಚಂದಮಾಮ ಸೇರಿದರು. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈಯಲ್ಲಿ ತೆಲುಗು, ತಮಿಳಿನಲ್ಲಿ ಶುರು ಮಾಡಿದ ಮಕ್ಕಳ ಮಾಸಪತ್ರಿಕೆ ಅದು. 1949ರಲ್ಲಿ ಕನ್ನಡಕ್ಕೂ ಬಂತು.

ಆಚಾರ್ಯರಿಗೆ ಹೆಸರು ತಂದಿದ್ದು ಮಹಾಭಾರತದ ಮುಖಪುಟಗಳು. ಮುಖಪುಟ ಬರೆಯೋದು ಸುಲಭದ ಕೆಲಸವಲ್ಲ. ಇಡೀ ಪ್ರಸಂಗ ಒಂದೇ ಚೌಕಟ್ಟಲ್ಲಿ ಹಿಡಿಸಬೇಕು. ಮೇಲೆ ಪತ್ರಿಕೆಯ ಹೆಸರಿಗೆ ಜಾಗ ಬಿಡಬೇಕು. ಅಂಗಡೀಲಿ ನೇತುಹಾಕಿದರೆ ದೂರದಿಂದಲೇ ಸೆಳೀಬೇಕು. ಓದೋಕೆ ಬಾರದ ಮಗುವಿಗೂ ಕಥೆ ಗೊತ್ತಾಗಬೇಕು.

ಇಲ್ಲಿ ನನ್ನ ಬಿಕಾಂ ತಲೆ ಓಡುತ್ತೆ. ಕಥೆಯನ್ನು ಪ್ರತಿ ಭಾಷೆಗೂ ಅನುವಾದ ಮಾಡಬೇಕು, ಅಕ್ಷರ ಮತ್ತೆ ಜೋಡಿಸಬೇಕು. ಚಿತ್ರಕ್ಕೆ ಅದೇನೂ ಬೇಡ. ಒಂದು ಚಿತ್ರದ ಖರ್ಚು ಎಲ್ಲಾ ಭಾಷೆಯ ಪ್ರತಿಗಳ ಮೇಲೂ ಹಂಚಿಹೋಗುತ್ತೆ. ಲೆಕ್ಕ ಅಷ್ಟೇ ಅಲ್ಲ, ನಾಗಮಂಗಲದವರು ಬರೆದ ಭೀಮ ತೆಲುಗು, ತಮಿಳು ಮಕ್ಕಳಿಗೂ ಅವರದೇ ಭೀಮ ಆದ!

ಆದರೆ ನನಗೆ ಇನ್ನೂ ದೊಡ್ಡದು ಅನ್ನಿಸೋದು ಅವರ ಮುಂದಿನ ಕೆಲಸ. ಬೆಂಗಳೂರಿಗೆ ವಾಪಸ್ ಬಂದು 'ಆಚಾರ್ಯ ಚಿತ್ರಕಲಾ ಭವನ' ಕಟ್ಟಿದರು, ಅಂಚೆ ಮೂಲಕ ಚಿತ್ರ ಬರೆಯೋದು ಕಲಿಸಿದರು. ಈಗ ನಮಗೆ ಜಗಳೂರಿನಿಂದ ಬಸ್ ಹತ್ತಿದರೆ ದಾವಣಗೆರೇಲೇ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಕೈಯಲ್ಲಿರೋ ಮೊಬೈಲಲ್ಲೇ ಪಾಠ ಸಿಗುತ್ತೆ. ಅವತ್ತು? ಡ್ರಾಯಿಂಗ್ ಮೇಷ್ಟ್ರು ಇಲ್ಲದ ಊರಿಗೂ ಪೋಸ್ಟ್‌ಮ್ಯಾನ್ ಬರ್ತಿದ್ದ. ಅಷ್ಟು ಸಾಕಿತ್ತು.

1992ರಲ್ಲಿ ಆಚಾರ್ಯರು ತೀರಿಕೊಂಡರು. ಚಂದಮಾಮವೂ ಈಗ ನಿಂತುಹೋಗಿದೆ. ಹಳೇ ಮುಖಪುಟಗಳು ಮಾತ್ರ ವಾಟ್ಸಾಪಲ್ಲಿ ಓಡಾಡ್ತಾನೇ ಇರ್ತವೆ, ಬರೆದವರ ಹೆಸರಿಲ್ಲದೆ. ಹಾಡು ಹಾಕಿದರೆ ಹಾಡಿದವರ ಹೆಸರು ಹೇಳ್ತೀವಿ, ಚಿತ್ರಕ್ಕೆ ಯಾಕೆ ಇಲ್ಲ?

ಅದಕ್ಕೇ ಒಂದು ಕೆಲಸ ಮಾಡಿ. ಮನೆಯ ಅಟ್ಟದ ಮೇಲೆ ಹಳೇ ಚಂದಮಾಮ ಇದ್ದರೆ ಧೂಳು ಒರೆಸಿ, ಚಿತ್ರದ ಮೂಲೇಲಿ ಸಹಿ ಹುಡುಕಿ. ಆಚಾರ್ಯರೋ, ವಡ್ಡಾದಿ ಪಾಪಯ್ಯನವರೋ, ಶಂಕರ್ ಅವರೋ ನೋಡಿ. ಫೋಟೋ ಜೊತೆ ಆ ಹೆಸರನ್ನೂ ಹಾಕಿ, ನನ್ನನ್ನು ಟ್ಯಾಗ್ ಮಾಡಿ.

ಭಾಗ 5: ಬೇತಾಳನನ್ನು ವಿಕ್ರಮನ ಹೆಗಲಿಗೇರಿಸಿದ ಶಂಕರ್.

#ಬಣ್ಣದಹಿಂದಿನಹೆಸರು #ಚಂದಮಾಮ #ಎಂಟಿವಿಆಚಾರ್ಯ #ಜಗಳೂರು