ಸುಂಗ್ ಕಾಲದ ಪುಣ್ಯವಿಹಾರಗಳು

ಚೀನದ ಬೌದ್ಧವಿಹಾರಗಳಿಗೆ ಭೂಮಿಯನ್ನು ದತ್ತಿ ಬಿಟ್ಟ ಶ್ರೀಮಂತರು ಅದರ ಮೇಲಿನ ಹಿಡಿತವನ್ನೂ ಬಿಟ್ಟುಕೊಟ್ಟರೆಂದು ಭಾವಿಸುವುದು ಸಹಜ. ಆದರೆ ಸುಂಗ್ ರಾಜವಂಶದ (960-1279) ಪುಣ್ಯವಿಹಾರಗಳನ್ನು ಪರಿಶೀಲಿಸಿದಾಗ ಈ ಭಾವನೆಯನ್ನು ತಿದ್ದಿಕೊಳ್ಳಬೇಕೆಂದು ನಮಗೆ ತೋರುತ್ತದೆ. ಉನ್ನತಾಧಿಕಾರಿಯು ಚಕ್ರವರ್ತಿಯ ಅನುಮತಿ ಪಡೆದು, ತನ್ನ ಪೂರ್ವಜರ ಸಮಾಧಿಗಳ ಬಳಿ ಒಂದು ವಿಹಾರವನ್ನು ಮನೆತನದ್ದಾಗಿ ಇಟ್ಟುಕೊಳ್ಳಬಹುದಾಗಿತ್ತು. ಭಿಕ್ಷುಗಳು ಸಮಾಧಿಗಳನ್ನು ಕಾಯುವರು. ಪಿತೃಗಳ ಸದ್ಗತಿಗಾಗಿ ಸೂತ್ರಪಾರಾಯಣ ಮಾಡುವರು. ವಿಹಾರಕ್ಕೆ ಕೆಲವು ತೆರಿಗೆಗಳಿಂದ ವಿನಾಯಿತಿ ದೊರೆಯುತ್ತಿತ್ತು. ಬೌದ್ಧಮತದಲ್ಲಿ ಒಲವಿಲ್ಲದ ಇತಿಹಾಸಕಾರ ಸೀಮಾ ಕ್ವಾಂಗನ (1019-1086) ಮನೆತನದ ಸಮಾಧಿಗಳ ಬಳಿಯೂ ಇಂಥದೊಂದು ಧ್ಯಾನವಿಹಾರವಿತ್ತೆಂಬುದು ಗಮನಾರ್ಹ. ತತ್ತ್ವದಲ್ಲಿ ಒಪ್ಪದುದನ್ನು ಪಿತೃಕಾರ್ಯದಲ್ಲಿ ಒಪ್ಪಿದವರು ಅವನೊಬ್ಬನೇ ಅಲ್ಲ.

ತೊಡಕು ಹುಟ್ಟಿದುದು ಬೇರೆಡೆ. ಸ್ವಂತ ಖರ್ಚಿನಲ್ಲಿ ಕಟ್ಟಿಸುವ ಬದಲು, ರಾಜದತ್ತ ನಾಮಫಲಕವನ್ನು ಪಡೆದಿದ್ದ ಹಳೆಯ ವಿಹಾರಗಳನ್ನೇ ಪ್ರಬಲರು ತಮ್ಮದಾಗಿಸಿಕೊಳ್ಳತೊಡಗಿದರು. ಆಗ ಸಂಘದ ಆಸ್ತಿ ಒಂದು ಮನೆತನದ ಆಶ್ರಯಕ್ಕೆ, ಎಂದರೆ ಅಂಕೆಗೆ, ಒಳಗಾಗುತ್ತಿತ್ತು. 1109ರಲ್ಲಿ ಹುಯಿತ್ಸುಂಗ್ ಚಕ್ರವರ್ತಿಯ ಆಸ್ಥಾನ ಇದನ್ನು ನಿಷೇಧಿಸಿತು: ಕಟ್ಟಡವನ್ನು ತಾವೇ ಕಟ್ಟಿಸಬೇಕು, ಹೊಲಗದ್ದೆಗಳನ್ನು ತಾವೇ ಒದಗಿಸಬೇಕು, ಸರ್ಕಾರ ಕೊಡುವುದು ಹೆಸರು ಮತ್ತು ವಿನಾಯಿತಿ ಮಾತ್ರ. ಆದರೂ ವಿಹಾರಾಧಿಪತಿಯನ್ನು ಆಹ್ವಾನಿಸುವ ಹಕ್ಕನ್ನು ಅದೇ ಆಜ್ಞೆ ಮನೆತನಕ್ಕೇ ಉಳಿಸಿತು.