ಚಾಳೀಸು ಕಳಚುವ ಮುನ್ನ

ಬಿಜಾಪುರ, ಧಾರವಾಡದ ಕಡೆಯ ಹಿರಿಯರ ಬಾಯಲ್ಲಿ ಕನ್ನಡಕಕ್ಕೆ ‘ಚಾಳೀಸು’ ಎಂಬ ಹೆಸರು ಇನ್ನೂ ಉಳಿದಿದೆ. ನಾವು ನೆಲೆಸಿರುವ ನಾಸಿಕದಲ್ಲಿ, ಛತ್ರಪತಿ ಸಂಭಾಜಿನಗರದಲ್ಲಿ ಮರಾಠಿ ನೆರೆಹೊರೆಯವರು ಓದುವ ಕನ್ನಡಕವನ್ನು ‘ಚಾಳಿಶಿ’ ಎನ್ನುತ್ತಾರೆ. ಎರಡಕ್ಕೂ ಮೂಲ ನಲವತ್ತು ಎಂಬ ಸಂಖ್ಯೆ. ಕನ್ನಡಕ ಎಂಬ ಮಾತು ಕನ್ನಡಿಯ ನಂಟಿನದು, ವಸ್ತುವನ್ನು ನೋಡಿ ಇಟ್ಟ ಹೆಸರು. ಚಾಳೀಸು ಮನುಷ್ಯನ ವಯಸ್ಸನ್ನು ನೋಡಿ ಇಟ್ಟ ಹೆಸರು. ನಲವತ್ತು ದಾಟಿದವನ ಕೈ ಪುಸ್ತಕವನ್ನು ತಾನಾಗಿಯೇ ದೂರಕ್ಕೆ ಚಾಚುತ್ತದೆ ಎಂಬುದನ್ನು ಈ ಎರಡು ನುಡಿಗಳ ಜನರು ವೈದ್ಯರ ನೆರವಿಲ್ಲದೆಯೇ ಗುರುತಿಸಿದ್ದರು.

ಈ ಹಳೆಯ ಮಾತನ್ನು ಈಗ ಎತ್ತಲು ಕಾರಣವಿದೆ. ಲೇಸರ್ ಕಿರಣದಿಂದ ಕಣ್ಣಿನ ನಂಬರು ತೆಗೆಸುವ ಶಸ್ತ್ರಕ್ರಿಯೆ ಇಂದು ಮಹಾನಗರಗಳ ಸೊತ್ತಾಗಿ ಉಳಿದಿಲ್ಲ. ನಮ್ಮ ಬಳಗದ ಮನೆಗಳಲ್ಲಿ ಮದುವೆಗೆ ಬಂದ ಮಕ್ಕಳು, ದೇವಳಾಲಿಯ ತೋಪುಖಾನೆ ಶಾಲೆಯ ಗುಂಡಿನ ಸದ್ದು ಕೇಳುತ್ತ ಬೆಳೆದು ಸೇನೆ ಸೇರಬೇಕೆಂಬ ಹುಡುಗರು, ವಾಳೂಜ್, ಸಾತಪುರದ ಕಾರ್ಖಾನೆಗಳಲ್ಲಿ ಹೊಗೆ, ಧೂಳಿನ ನಡುವೆ ಕನ್ನಡಕ ಒರೆಸಿ ಬೇಸತ್ತವರು, ಎಲ್ಲರೂ ಅದನ್ನೇ ಕೇಳುತ್ತಾರೆ: ಮಾಡಿಸಬೇಕೋ, ಬೇಡವೋ? ವೈದ್ಯರ ಉತ್ತರವನ್ನು ವೈದ್ಯರೇ ಕೊಡಬೇಕು. ಆದರೆ ಈ ಪ್ರಶ್ನೆಗೊಂದು ಇತಿಹಾಸವಿದೆ, ಅದರ ಕೆಲವು ಪುಟಗಳು ನಮ್ಮ ನೆಲದವೇ ಆಗಿವೆ. ಅವನ್ನು ತಿರುವಿ ನೋಡಿದರೆ ನಿರ್ಧಾರದ ಭಾರ ಎಲ್ಲಿದೆ ಎಂಬುದು ಸ್ಪಷ್ಟವಾದೀತು ಎಂದು ನಮ್ಮ ಎಣಿಕೆ.

ಮೊದಲ ಪುಟ ವಿಜಯನಗರದ್ದು. ಬನ್ನೂರಿನಲ್ಲಿ ಹುಟ್ಟಿ ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾದ ವ್ಯಾಸರಾಯರ ಚರಿತ್ರೆಯನ್ನು ಸೋಮನಾಥ ಕವಿ ಸಂಸ್ಕೃತದಲ್ಲಿ ಬರೆದಿದ್ದಾನೆ. ಅದರಲ್ಲಿ ಯತಿಗಳು ಕಣ್ಣಿಗೆ ನೆರವಾಗುವ ಗಾಜನ್ನಿಟ್ಟುಕೊಂಡು ಗ್ರಂಥ ನೋಡುತ್ತಿದ್ದ ವರ್ಣನೆ ಬರುತ್ತದೆ. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಸ್ಥೆಯ ಪಿ. ಕೆ. ಗೋಡೆಯವರು ಭಾರತದಲ್ಲಿ ಕನ್ನಡಕದ ಇತಿಹಾಸವನ್ನು ಹುಡುಕುವಾಗ ಈ ಉಲ್ಲೇಖವನ್ನು ಮುನ್ನೆಲೆಗೆ ತಂದರು. ಕಾಲ ಸುಮಾರು 1520. ವ್ಯಾಸರಾಯರಿಗೆ ಆಗ ಅರವತ್ತರ ಆಸುಪಾಸು. ಪೋರ್ಚುಗೀಸರು ಗೋವೆಯನ್ನು ಹಿಡಿದು ಹತ್ತು ವರ್ಷವಾಗಿತ್ತು. ಆ ಗಾಜು ಆ ದಾರಿಯಿಂದಲೇ ಹಂಪಿಗೆ ಬಂದಿರಬೇಕೆಂಬ ಊಹೆ ಸಹಜವಾದದ್ದು. ಯುರೋಪಿನಲ್ಲಿ ಕನ್ನಡಕ ಹದಿಮೂರನೆಯ ಶತಮಾನದ ಕೊನೆಗೆ ಇಟಲಿಯಲ್ಲಿ ಹುಟ್ಟಿತ್ತು. 1462ರಲ್ಲಿ ಮಿಲಾನಿನ ದೊರೆ ಫ್ರಾನ್ಸೆಸ್ಕೊ ಸ್ಫೋರ್ಜಾ ಫ್ಲಾರೆನ್ಸಿನಿಂದ ತರಿಸಿಕೊಂಡ ಕನ್ನಡಕಗಳಲ್ಲಿ ಮುದುಕರ ಹತ್ತಿರದ ನೋಟಕ್ಕೆ ಬೇರೆ, ಎಳೆಯರ ದೂರದ ನೋಟಕ್ಕೆ ಬೇರೆ ಇದ್ದವು. ಈ ಎರಡು ಬಗೆಯ ಮಸುಕು ಒಂದೇ ಅಲ್ಲ ಎಂಬುದನ್ನು ಅಂಗಡಿಯವರು ಬಲ್ಲವರಾಗಿದ್ದರು. ಏಕೆ ಹಾಗೆ ಎಂಬುದನ್ನು ಕೆಪ್ಲರ್ 1604ರಲ್ಲಿ ವಿವರಿಸುವ ತನಕ ವಿದ್ವಾಂಸರಿಗೆ ತಿಳಿದಿರಲಿಲ್ಲ. ಅಂಗಡಿಯವನ ಅರಿವು ವಿದ್ವಾಂಸನ ಅರಿವಿಗಿಂತ ನೂರೈವತ್ತು ವರ್ಷ ಮುಂದಿದ್ದ ಉದಾಹರಣೆಗಳು ಹೆಚ್ಚಿಲ್ಲ.

ಎರಡನೆಯ ಪುಟ ಸಂಭಾಜಿನಗರದವರಿಗೆ ಹತ್ತಿರದ್ದು. ಅಲ್ಲಿಂದ ವೇರುಳಿಗೆ ಹೋಗುವ ದಾರಿಯಲ್ಲಿ ಖುಲ್ದಾಬಾದಿನ ಬಯಲು ಸಮಾಧಿಯಲ್ಲಿ ಮಲಗಿರುವ ಔರಂಗಜೇಬ ತನ್ನ ಕೊನೆಯ ಇಪ್ಪತ್ತೈದು ವರ್ಷಗಳನ್ನು ದಖ್ಖನಿನ ದಂಡಿನ ಬಿಡಾರಗಳಲ್ಲೇ ಕಳೆದವನು. 1695ರಲ್ಲಿ ಅವನ ಪಾಳೆಯ ಕೃಷ್ಣೆಯ ದಂಡೆಯ ಗಲಗಲಿಯಲ್ಲಿತ್ತು; ಇಂದಿನ ಬಾಗಲಕೋಟೆ ಜಿಲ್ಲೆ. ಇಟಲಿಯ ಪ್ರವಾಸಿ ಜೆಮೆಲ್ಲಿ ಕರೇರಿ ಗೋವೆಯಿಂದ ಅಲ್ಲಿಗೆ ಹೋಗಿ ದರ್ಬಾರನ್ನು ಕಂಡ. ಬೆನ್ನು ಬಾಗಿದ, ಎಪ್ಪತ್ತಾರು ತುಂಬಿದ ಬಾದಶಹ ಅರ್ಜಿಗಳನ್ನು ತೆಗೆದುಕೊಂಡು ಕನ್ನಡಕವಿಲ್ಲದೆಯೇ ಓದಿ, ಸ್ವಂತ ಕೈಯಿಂದ ಷರಾ ಬರೆಯುತ್ತಿದ್ದುದನ್ನು ಅವನು ದಾಖಲಿಸಿದ್ದಾನೆ. ಓದಿದವರು ಇದನ್ನು ಬಾದಶಹನ ದೇಹಬಲದ ಸಾಕ್ಷ್ಯವಾಗಿ ಎತ್ತಿಕೊಳ್ಳುತ್ತಾರೆ. ನಮಗೆ ಇನ್ನೊಂದು ಸಾಧ್ಯತೆ ಕಾಣುತ್ತದೆ. ಆ ವಯಸ್ಸಿನಲ್ಲಿ ಯಾರ ಕಣ್ಣಿನ ಮಸೂರವೂ ಹತ್ತಿರಕ್ಕೆ ಹೊಂದಿಕೊಳ್ಳುವ ಶಕ್ತಿಯನ್ನು ಉಳಿಸಿಕೊಂಡಿರುವುದಿಲ್ಲ. ಕನ್ನಡಕವಿಲ್ಲದೆ ಓದಬಲ್ಲ ಮುದುಕನೆಂದರೆ ಬಹಳ ಸಲ ಸಮೀಪದೃಷ್ಟಿಯ ಮುದುಕ: ಹರೆಯದಲ್ಲಿಯೇ ದೂರ ಮಸುಕಾಗಿದ್ದವನು, ಇಲ್ಲವೆ ಪೊರೆ ಬಲಿಯುವಾಗ ಮಸೂರದ ಶಕ್ತಿ ಹೆಚ್ಚಿ ಹಾಗಾದವನು. ಬಾದಶಹನ ಕಣ್ಣನ್ನು ಮುನ್ನೂರು ವರ್ಷಗಳ ಆಚೆಯಿಂದ ಪರೀಕ್ಷಿಸುವ ಅಧಿಕಾರ ನಮಗಿಲ್ಲ. ಆದರೆ ಎರಡೂವರೆ, ಮೂರು ಮೈನಸ್ ನಂಬರಿನ ಮನುಷ್ಯ ಎಪ್ಪತ್ತರಲ್ಲಿಯೂ ಕನ್ನಡಕ ಕಳಚಿಟ್ಟು ಪತ್ರಿಕೆ ಓದುತ್ತಾನೆಂಬುದು ಎಲ್ಲರ ಮನೆಯ ಅನುಭವ. ಲೇಸರ್ ತೆಗೆದುಹಾಕುವುದು ಇದೇ ನಂಬರನ್ನು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಗಲಗಲಿಯಿಂದ ಬೀಳಗಿ ದೂರವಲ್ಲ. ಅಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ನಲವತ್ತರ ದಶಕದಿಂದ ಊರೂರು ತಿರುಗಿ ನೇತ್ರ ಶಿಬಿರ ನಡೆಸಿದರು. ಒಂದೇ ದಿನದಲ್ಲಿ 833 ಪೊರೆಯ ಶಸ್ತ್ರಕ್ರಿಯೆ ಮಾಡಿದ ಅವರ ಹೆಸರು ಗಿನ್ನೆಸ್ ದಾಖಲೆಗೆ ಸೇರಿತು. ಅಂದಿನ ಶಿಬಿರಗಳಿಂದ ಮನೆಗೆ ಮರಳಿದವರ ಮೂಗಿನ ಮೇಲೆ ಸುಮಾರು ಹತ್ತು ಪ್ಲಸ್ ನಂಬರಿನ ದಪ್ಪ ಗಾಜು ಕೂರುತ್ತಿತ್ತು. ಅದಕ್ಕೆ ಯಾರೂ ಗೊಣಗಲಿಲ್ಲ. ಕುರುಡನಿಗೆ ಮೊಮ್ಮಗನ ಮುಖ ಕಂಡರೆ ಗಾಜಿನ ಭಾರ ಲೆಕ್ಕಕ್ಕಿಲ್ಲ. ಕನ್ನಡಕ ತೆಗೆಸುವ ಶಸ್ತ್ರಕ್ರಿಯೆಯ ನೀತಿ ಇದಕ್ಕೆ ತದ್ವಿರುದ್ಧ. ಇಲ್ಲಿ ಚಾಕುವಿಗೆ ಒಡ್ಡುವ ಕಣ್ಣು ಕಾಯಿಲೆಯದ್ದಲ್ಲ. ಗಾಜೊಂದನ್ನಿಟ್ಟರೆ ಪೂರ್ಣವಾಗಿ ನೋಡಬಲ್ಲ ಕಣ್ಣು. ಆದ್ದರಿಂದ ಇಲ್ಲಿ ಸಣ್ಣ ನಷ್ಟವೂ ದೊಡ್ಡದೇ.

ಈ ವಿದ್ಯೆಯ ಆರಂಭದ ಕತೆಯನ್ನು ಜಾಹೀರಾತುಗಳು ಹೇಳುವುದಿಲ್ಲ, ಹೇಳಬೇಕೆಂದು ನಿರೀಕ್ಷಿಸುವುದೂ ತಪ್ಪು. ಜಪಾನಿನ ತ್ಸುತೋಮು ಸಾಟೊ ಎಂಬ ವೈದ್ಯ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲದ, ಒಳಮೈಯಲ್ಲಿ ಗೀರುಗಳನ್ನು ಹಾಕಿ ಅದನ್ನು ಚಪ್ಪಟೆ ಮಾಡಿ ಸಮೀಪದೃಷ್ಟಿಯನ್ನು ಇಳಿಸಬಹುದೆಂದು ತೋರಿಸಿದ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ನೂರಾರು ಕಣ್ಣುಗಳಿಗೆ ಅದು ನಡೆಯಿತು. ನಂಬರು ಇಳಿಯಿತು, ರೋಗಿಗಳು ಸಂತೋಷಪಟ್ಟರು. ಕಾರ್ನಿಯಾದ ಒಳಮೈಗೆ ಅಂಟಿರುವ ಒಂದೇ ಪದರದ ಜೀವಕೋಶಗಳು ಅದರ ನೀರನ್ನು ಹೊರಹಾಕಿ ತಿಳಿಯಾಗಿಡುತ್ತವೆ ಎಂಬುದೂ, ಸತ್ತ ಕೋಶಗಳ ಜಾಗಕ್ಕೆ ಹೊಸವು ಹುಟ್ಟುವುದಿಲ್ಲ ಎಂಬುದೂ ಆ ಕಾಲಕ್ಕೆ ಸರಿಯಾಗಿ ತಿಳಿದಿರಲಿಲ್ಲ. ಗೀರು ಬಿದ್ದದ್ದು ಆ ಪದರದ ಮೇಲೆಯೇ. ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಆ ಕಣ್ಣುಗಳ ಕಾರ್ನಿಯಾ ನೀರು ತುಂಬಿ ಬಿಳಿಚತೊಡಗಿತು. ಗೆಲುವು ಕೆಲವೇ ದಿನಗಳಲ್ಲಿ ಕಂಡಿತ್ತು, ಸೋಲು ಕಾಣಲು ಒಂದು ತಲೆಮಾರು ಹಿಡಿಯಿತು.

ಸೋವಿಯತ್ ದೇಶದ ಸ್ವ್ಯಾತೊಸ್ಲಾವ್ ಫ್ಯೋದರೊವ್ ಎಪ್ಪತ್ತರ ದಶಕದಲ್ಲಿ ಗೀರುಗಳನ್ನು ಹೊರಮೈಗೆ ತಂದ. ಚಕ್ರದ ಅರೆಗಳಂತೆ ಕಾರ್ನಿಯಾದ ಸುತ್ತ ಸೀಳುಗಳು. ಮಾಸ್ಕೋದ ಅವನ ಸಂಸ್ಥೆಯಲ್ಲಿ ರೋಗಿಗಳು ಕಾರ್ಖಾನೆಯ ಪಟ್ಟಿಯ ಮೇಲೆ ಸಾಗುವ ಸಾಮಾನಿನಂತೆ ಒಬ್ಬ ಶಸ್ತ್ರವೈದ್ಯನಿಂದ ಮತ್ತೊಬ್ಬನ ಬಳಿಗೆ ಜರುಗುತ್ತಿದ್ದರು. ಅಮೆರಿಕದವರು ಈ ವಿಧಾನವನ್ನು ಕೊಂಡೊಯ್ದರು, ಜೊತೆಗೆ ಒಂದು ಒಳ್ಳೆಯ ಕೆಲಸವನ್ನೂ ಮಾಡಿದರು: ನಾನೂರಕ್ಕೂ ಹೆಚ್ಚು ರೋಗಿಗಳನ್ನು ಹತ್ತು ವರ್ಷ ಬಿಡದೆ ಹಿಂಬಾಲಿಸಿ ಅಳೆದರು. 1994ರಲ್ಲಿ ಹೊರಬಂದ ಫಲಿತಾಂಶದಂತೆ ನೂರರಲ್ಲಿ 43 ಕಣ್ಣುಗಳು ಒಂದು ಡಯಾಪ್ಟರ್ ಅಥವಾ ಅದಕ್ಕೂ ಹೆಚ್ಚು ಪ್ಲಸ್ ಕಡೆಗೆ ಸರಿದಿದ್ದವು. ಮೂವತ್ತರಲ್ಲಿ ಕನ್ನಡಕ ಬಿಸುಟವರು ನಲವತ್ತಕ್ಕೆ ಬಂದಾಗ ಹತ್ತಿರಕ್ಕೂ ದೂರಕ್ಕೂ ಕನ್ನಡಕ ಹುಡುಕುವಂತಾಯಿತು. ನಮ್ಮ ಅಭಿಪ್ರಾಯದಲ್ಲಿ ಈ ವಿದ್ಯೆಯ ಇಡೀ ಚರಿತ್ರೆಯಲ್ಲಿ ಆ ಹತ್ತು ವರ್ಷಗಳ ತಾಳ್ಮೆಯಷ್ಟು ಗೌರವಾರ್ಹವಾದದ್ದು ಬೇರೊಂದಿಲ್ಲ.

ಇಂದಿನ ಲೇಸರ್ ವಿಧಾನದ ವಂಶ ಬೇರೆ. ಅದರ ಮೂಲಪುರುಷ ಕೊಲಂಬಿಯಾದ ಬೊಗೋಟಾದಲ್ಲಿದ್ದ ಹೊಸೆ ಇಗ್ನಾಸಿಯೊ ಬರಾಕೆರ್. ಸೀಳಿ ಸಡಿಲಿಸುವುದಲ್ಲ, ಕೆತ್ತಿ ಆಕಾರ ಕೊಡುವುದು ಅವನ ಹಾದಿ. ಅವನಿಟ್ಟ ಗ್ರೀಕ್ ಹೆಸರಿನ ಅರ್ಥವೂ ಕಾರ್ನಿಯಾ ಕೆತ್ತನೆ ಎಂದೇ. ವೇರುಳಿನ ಕೈಲಾಸವನ್ನು ನೋಡಿದ ಕನ್ನಡಿಗರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ನಮ್ಮ ರಾಷ್ಟ್ರಕೂಟರು ಕಲ್ಲಿನ ಮೇಲೆ ಕಲ್ಲಿಟ್ಟು ಅದನ್ನು ಕಟ್ಟಲಿಲ್ಲ, ಬೆಟ್ಟದಿಂದ ಬೇಡದ್ದನ್ನು ಕಳೆದರು. ಕಳೆದ ಕಲ್ಲನ್ನು ಮರಳಿ ಅಂಟಿಸಲಾಗದು. ಬರಾಕೆರ್ ಕಾರ್ನಿಯಾದ ಬಿಲ್ಲೆಯೊಂದನ್ನು ಕತ್ತರಿಸಿ ತೆಗೆದು, ಹೆಪ್ಪುಗಟ್ಟಿಸಿ, ಲೇತ್ ಯಂತ್ರದಲ್ಲಿ ಕಡೆದು ಮತ್ತೆ ಹೊಲಿಯುತ್ತಿದ್ದ. ಅವನಿಗೆ ಬೇಕಿದ್ದುದು ಇನ್ನೂ ಸೂಕ್ಷ್ಮವಾದ ಉಳಿ.

ಆ ಉಳಿಯನ್ನು ಕಂಡುಕೊಂಡವರಲ್ಲಿ ಒಬ್ಬರು ಮದ್ರಾಸಿನಲ್ಲಿ ಓದಿ ಅಮೆರಿಕಕ್ಕೆ ಹೋದ ರಂಗಸ್ವಾಮಿ ಶ್ರೀನಿವಾಸನ್. ಐಬಿಎಂ ಸಂಸ್ಥೆಯ ಪ್ರಯೋಗಾಲಯದಲ್ಲಿ ಅವರೂ ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್ ಎಂಬ ಸಹೋದ್ಯೋಗಿಗಳೂ 193 ನ್ಯಾನೊಮೀಟರ್ ಅಲೆಯುದ್ದದ ಎಕ್ಸೈಮರ್ ಲೇಸರಿನಿಂದ ಪ್ಲಾಸ್ಟಿಕ್ಕನ್ನು ಕೊರೆಯುತ್ತಿದ್ದರು. 1981ರ ನವೆಂಬರಿನಲ್ಲಿ, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಣುಕನ್ನು ಶ್ರೀನಿವಾಸನ್ ಪ್ರಯೋಗಾಲಯಕ್ಕೆ ತಂದರು. ಲೇಸರ್ ಅದರಲ್ಲಿ ಸುತ್ತಮುತ್ತ ಸುಡದೆ, ಚೊಕ್ಕವಾಗಿ ಗೆರೆ ಕೊರೆಯಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟೀಫನ್ ಟ್ರೋಕೆಲ್ ಅದನ್ನು ಕಾರ್ನಿಯಾಕ್ಕೆ ಹೊಂದಿಸಿ 1983ರಲ್ಲಿ ಪ್ರಕಟಿಸಿದರು. ಮೇಲ್ಪದರವನ್ನು ಮುಚ್ಚಳದಂತೆ ಎತ್ತಿ, ಕೆಳಗೆ ಕೆತ್ತಿ, ಮತ್ತೆ ಮುಚ್ಚುವ ಲಾಸಿಕ್ ವಿಧಾನ ಆ ದಶಕದ ಕೊನೆಗೆ ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಪಲ್ಲಿಕಾರಿಸ್ ಅವರ ಕೈಯಲ್ಲಿ ರೂಪುಗೊಂಡಿತು. ಮುಚ್ಚಳವಿಲ್ಲದ ಸ್ಮೈಲ್ ವಿಧಾನ ಈ ಶತಮಾನದ್ದು.

ಈಗ ಲೆಕ್ಕಕ್ಕೆ ಬರೋಣ. ಈ ನಿರ್ಧಾರ ಬಹುಪಾಲು ಲೆಕ್ಕವೇ. ಕಾರ್ನಿಯಾದ ನಡುಭಾಗದ ದಪ್ಪ ಸಾಮಾನ್ಯವಾಗಿ 540 ಮೈಕ್ರಾನ್ ಆಸುಪಾಸು, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಮುಚ್ಚಳಕ್ಕೆ 110 ಎನ್ನೋಣ. ಆರು ಮಿಲಿಮೀಟರ್ ವ್ಯಾಸದಲ್ಲಿ ಒಂದು ಡಯಾಪ್ಟರ್ ಇಳಿಸಲು ಕನಿಷ್ಠ 12 ಮೈಕ್ರಾನ್ ಕೆತ್ತಬೇಕು. ಆರು ನಂಬರಿಗೆ 72. ಉಳಿಯುವುದು 358. ತಳದಲ್ಲಿ 250 ಮೈಕ್ರಾನಿಗಿಂತ ಕಡಿಮೆ ಉಳಿಯಕೂಡದೆಂಬುದು ಹಳೆಯ ನಿಯಮ. 300 ಇರಲಿ ಎನ್ನುವ ವೈದ್ಯರು ಈಗ ಅನೇಕ. ಹಾಗಿದ್ದರೆ ಈ ಕಣ್ಣಿಗೆ ಅಡ್ಡಿಯಿಲ್ಲ. ಆದರೆ 480 ಮೈಕ್ರಾನಿನ ಕಾರ್ನಿಯಾ, ಎಂಟು ನಂಬರು ಎಂದರೆ ಉಳಿಯುವುದು 274. ಅಲ್ಲಿ ಲೇಸರ್ ಬೇಡ ಎನ್ನುವ ವೈದ್ಯನೇ ಹಿತೈಷಿ. ದಪ್ಪ ಸಾಕಷ್ಟಿದ್ದರೂ ಆಕಾರ ಕೆಟ್ಟಿರಬಹುದು. ಮುಂದೆ ಶಂಕುವಿನಂತೆ ಉಬ್ಬುವ ಕೆರಟೊಕೋನಸ್ ರೋಗದ ಮೊಳಕೆಯಿರುವ ಕಣ್ಣನ್ನು ಕೆತ್ತಿದರೆ ಉಬ್ಬು ಬಲಿಯುತ್ತದೆ. ಶಸ್ತ್ರಕ್ರಿಯೆಯಿಂದಲೇ ಹೀಗಾದ ಕಣ್ಣುಗಳನ್ನು ಥಿಯೋ ಸೈಲರ್ 1998ರಲ್ಲಿ ವರದಿ ಮಾಡಿದ ಮೇಲೆ ಕಾರ್ನಿಯಾದ ನಕ್ಷೆ ತೆಗೆಯದೆ ಯಾರೂ ಮುಂದುವರಿಯಬಾರದೆಂಬುದು ನೆಲೆಯಾಯಿತು. ಕಣ್ಣನ್ನು ಸದಾ ಉಜ್ಜುವ ಅಭ್ಯಾಸ, ಮನೆತನದಲ್ಲಿ ಈ ರೋಗ, ಇವೆರಡನ್ನೂ ವೈದ್ಯರು ಕೇಳದಿದ್ದರೆ ನಾವೇ ಹೇಳಬೇಕು. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಪರೀಕ್ಷೆಗೆ ಮೊದಲು ವೈದ್ಯರು ಹೇಳಿದಷ್ಟು ದಿನ ಅದನ್ನು ಬಿಡಬೇಕು, ಇಲ್ಲದಿದ್ದರೆ ನಕ್ಷೆ ಸುಳ್ಳಾಡುತ್ತದೆ.

ಹದಿನೆಂಟು ತುಂಬಿದ್ದು ಸಾಲದು, ನಂಬರು ಒಂದು ವರ್ಷವಾದರೂ ನಿಂತಿರಬೇಕು. ಏರುತ್ತಿರುವ ನಂಬರಿನ ಮೇಲೆ ಲೇಸರ್ ಹಾಯಿಸಿದರೆ ಕನ್ನಡಕ ಮತ್ತೆ ಬರುತ್ತದೆ. ಸೇನೆಗೆ ಹೋಗುವವರು ಇನ್ನೂ ಎಚ್ಚರದಿಂದಿರಬೇಕು: ಯಾವ ವಯಸ್ಸಿನ ನಂತರ, ಎಷ್ಟು ತಿಂಗಳ ಹಿಂದೆ ಮಾಡಿಸಿದ್ದನ್ನು ಒಪ್ಪುತ್ತಾರೆ ಎಂಬುದು ಶಾಖೆಯಿಂದ ಶಾಖೆಗೆ ಬೇರೆಯಾಗಿರುವುದರಿಂದ, ಅಧಿಸೂಚನೆಯನ್ನು ಓದುವ ಮೊದಲು ಶಸ್ತ್ರಕ್ರಿಯೆಯ ದಿನ ಗೊತ್ತುಮಾಡುವುದು ಸಲ್ಲದು. ಕಾರ್ನಿಯಾದ ನರಗಳು ಕತ್ತರಿಸಿಹೋಗುವುದರಿಂದ ಕೆಲವು ತಿಂಗಳು ಕಣ್ಣು ಒಣಗುತ್ತದೆ, ಕೆಲವರಿಗೆ ಅದು ಉಳಿದುಬಿಡುತ್ತದೆ. ಮರಾಠವಾಡದ ಏಪ್ರಿಲ್, ಮೇ ತಿಂಗಳ ಬಿಸಿಗಾಳಿಯಲ್ಲಿ ಮೊದಲೇ ಕಣ್ಣು ಉರಿಯುವವರು ಇದನ್ನು ಹಗುರವಾಗಿ ಕಾಣಬಾರದು. ರಾತ್ರಿ ನಾಸಿಕ-ಮುಂಬಯಿ ಹೆದ್ದಾರಿಯಲ್ಲಿ ವಾಹನ ನಡೆಸುವವರು ದೀಪಗಳ ಸುತ್ತ ಕಾಣಬಹುದಾದ ಬೆಳಕಿನ ಬಳೆಯ ಬಗ್ಗೆ ಮೊದಲೇ ವಿಚಾರಿಸಬೇಕು. ಇಷ್ಟೆಲ್ಲ ಹೇಳಿದರೂ, ತಕ್ಕ ಕಣ್ಣಿಗೆ, ತಕ್ಕ ವಯಸ್ಸಿನಲ್ಲಿ ಮಾಡಿಸಿಕೊಂಡವರಲ್ಲಿ ಬಹುಪಾಲು ಜನ ತೃಪ್ತರು ಎಂಬುದನ್ನು ಮರೆಮಾಚುವುದು ನ್ಯಾಯವಲ್ಲ. ಇಪ್ಪತ್ತೈದರ ಹರೆಯದಲ್ಲಿ, ಐದು ನಂಬರಿನವರಿಗೆ ಸಿಗುವ ಹದಿನೈದು ವರ್ಷಗಳ ಬಿಡುಗಡೆ ಸಣ್ಣದೇನಲ್ಲ.

ಮೂವತ್ತೆಂಟು, ನಲವತ್ತಕ್ಕೆ ಈ ಪ್ರಶ್ನೆ ಎತ್ತುವವರ ಲೆಕ್ಕ ಬೇರೆ. ಲೇಸರ್ ಕೆತ್ತುವುದು ಕಾರ್ನಿಯಾವನ್ನು. ಚಾಳೀಸು ಬರುವುದು ಅದರ ಹಿಂದಿರುವ ಮಸೂರ ಬಿಗಿಯಾಗುವುದರಿಂದ. ಎರಡೂವರೆ ನಂಬರಿನ ಗೃಹಿಣಿಯೊಬ್ಬರು ದೂರದ ಕನ್ನಡಕ ತೆಗೆಸಿದರೆ, ಈವರೆಗೆ ಬರಿಗಣ್ಣಿನಿಂದ ಸೂಜಿಗೆ ದಾರ ಪೋಣಿಸುತ್ತಿದ್ದವರಿಗೆ ಕೆಲವೇ ವರ್ಷಗಳಲ್ಲಿ ಓದುವ ಕನ್ನಡಕ ಬೇಕಾಗುತ್ತದೆ. ಒಂದನ್ನು ಕೊಟ್ಟು ಇನ್ನೊಂದನ್ನು ಕೊಂಡಂತಾಯಿತು. ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಹತ್ತಿರಕ್ಕೆ ಹೊಂದಿಸುವ ಉಪಾಯವೂ ಇದೆ. ಅದು ಎಲ್ಲರ ಮಿದುಳಿಗೂ ಒಗ್ಗುವುದಿಲ್ಲವಾದ್ದರಿಂದ, ಮೊದಲು ಕೆಲವು ವಾರ ಕಾಂಟ್ಯಾಕ್ಟ್ ಲೆನ್ಸಿನಿಂದ ಹಾಗೆ ಬದುಕಿ ನೋಡುವುದು ಉಚಿತ.

ಇನ್ನೊಂದು ಮಾತು ನಮ್ಮಂಥ ವರ್ಗಾವಣೆಯ ಜನರಿಗಾಗಿ. ಅರವತ್ತರ ನಂತರ ಪೊರೆ ಬಂದಾಗ ಒಳಗಿಡುವ ಕೃತಕ ಮಸೂರದ ಶಕ್ತಿಯನ್ನು ಕಾರ್ನಿಯಾದ ಬಾಗು ಅಳೆದು ಗೊತ್ತುಮಾಡುತ್ತಾರೆ. ಲೇಸರಿನಿಂದ ಕೆತ್ತಿದ ಕಾರ್ನಿಯಾ ಸಾಮಾನ್ಯ ಸೂತ್ರಗಳಿಗೆ ಸಿಗದೆ ಆ ಅಳತೆಯನ್ನು ತಪ್ಪಿಸುತ್ತದೆ. ಆಗ ವೈದ್ಯರು ಕೇಳುವುದು ಲೇಸರಿಗೆ ಮುಂಚಿನ ನಂಬರನ್ನೂ ಕಾರ್ನಿಯಾದ ಅಳತೆಯನ್ನೂ. ಮೂವತ್ತು ವರ್ಷಗಳಲ್ಲಿ ನಾಸಿಕದಿಂದ ಸಂಭಾಜಿನಗರ, ಅಲ್ಲಿಂದ ಪುಣೆ, ಕೊನೆಗೆ ಹುಬ್ಬಳ್ಳಿ ಎಂದು ಮನೆ ಬದಲಿಸುವಾಗ ಆ ಒಂದು ಹಾಳೆಯನ್ನು ಜಾತಕ, ಜಮೀನಿನ ಪತ್ರಗಳಿರುವ ಕಡತದಲ್ಲಿಯೇ ಇಟ್ಟುಕೊಂಡು ಬರಬೇಕು.